ಪೀಚ್ ಹಣ್ಣು ಪರ್ಷಿಯಾದ್ದೋ, ಚೀನಾದ್ದೋ?

ಪ್ರಶ್ನೆ: ಪೀಚ್ ಹಣ್ಣಿನ ವೈಜ್ಞಾನಿಕ ಹೆಸರು ‘ಪ್ರೂನಸ್ ಪರ್ಸಿಕಾ’. ಅಂದಮೇಲೆ ಅದು ಪರ್ಷಿಯಾದ ಹಣ್ಣು ತಾನೇ? ಚೀನಾದ್ದು ಅಂತ ಯಾಕೆ ಹೇಳ್ತಾರೆ? ನಮ್ಮ ಮಾರ್ಕೆಟ್ಟಿಗೆ ಬರೋದು ಎಲ್ಲಿಂದ?

ಉತ್ತರ: ಚೀನಾದ್ದೇ. ಪಪ್ಪಾಯಿಗೆ ನಾವು ‘ಪರಂಗಿ ಹಣ್ಣು’ ಅನ್ನುತ್ತೇವಲ್ಲ, ಹಾಗೇ ಇದೂ. ಪರಂಗಿಯವರು ತಂದುಕೊಟ್ಟರೆಂದು ಆ ಹೆಸರು ಬಂತೇ ಹೊರತು, ಗಿಡದ ತವರು ಮಧ್ಯ ಅಮೆರಿಕದ ಕಡೆ. ರೋಮನ್ನರಿಗೆ ಪೀಚ್ ಸಿಕ್ಕಿದ್ದು ಪರ್ಷಿಯಾದ ದಾರಿಯಲ್ಲಿ. ‘ಪರ್ಷಿಯಾದ ಸೇಬು’ ಎಂದು ಕರೆದರು. ಆ ‘ಪರ್ಸಿಕಾ’ ಫ್ರೆಂಚರ ಬಾಯಲ್ಲಿ ಸವೆದು ‘ಪೆಶ್’ ಆಯಿತು, ಇಂಗ್ಲಿಷರಲ್ಲಿ ‘ಪೀಚ್’. 1753ರಲ್ಲಿ ಗಿಡಗಳಿಗೆ ವೈಜ್ಞಾನಿಕ ಹೆಸರಿಟ್ಟ ಸಸ್ಯವಿಜ್ಞಾನಿ ಲಿನೇಯಸ್ ಕೂಡ ಹಳೇ ಹೆಸರನ್ನೇ ಉಳಿಸಿಕೊಂಡ. (ನಮ್ಮ ‘ಪೀಚು ಕಾಯಿ’ಗೂ ಇದಕ್ಕೂ ನಂಟಿಲ್ಲ. ಆದರೆ ಕೆಲವು ಗಾಡಿಗಳಲ್ಲಿ ಸಿಗುವ ಪೀಚಿಗೆ ಎರಡು ಅರ್ಥವೂ ಒಪ್ಪುತ್ತದೆ!)

ಚೀನಾ ಎನ್ನುವುದಕ್ಕೆ ಸಾಕ್ಷಿ ಹಣ್ಣಿನೊಳಗಿನ ಓಟೆಯೇ. ಝೆಜಿಯಾಂಗ್ ಪ್ರಾಂತ್ಯದ ಉತ್ಖನನದಲ್ಲಿ ಸುಮಾರು 8,000 ವರ್ಷ ಹಳೆಯ ಪೀಚ್ ಓಟೆಗಳು ಸಿಕ್ಕಿವೆ. ಸುಕ್ಕುಸುಕ್ಕಾದ, ಕಲ್ಲಿನಷ್ಟು ಗಟ್ಟಿ ಓಟೆ. ಮಣ್ಣಲ್ಲಿ ಅಷ್ಟು ಕಾಲ ಉಳಿದದ್ದು ಅದಕ್ಕೇ. ಮುಂದಿನ ಕಾಲದ ಪದರಗಳಲ್ಲಿ ಓಟೆಯ ಗಾತ್ರ ಹಿಗ್ಗುತ್ತಾ ಹೋಗುತ್ತದೆ. ಜನ ದೊಡ್ಡ ಹಣ್ಣಿನ ಮರಗಳನ್ನೇ ಆರಿಸಿ ಬೆಳೆಸಿದರು ಎಂಬುದರ ಗುರುತು ಅದು.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಬೇರೆ. 7ನೇ ಶತಮಾನದಲ್ಲಿ ಭಾರತಕ್ಕೆ ಬಂದ ಹ್ಯೂಯೆನ್ ತ್ಸಾಂಗ್ ಪಂಜಾಬಿನ ಕಡೆ ಕೇಳಿದ ಒಂದು ಕಥೆ ಬರೆದಿಟ್ಟಿದ್ದಾನೆ. ಕನಿಷ್ಕನ ಬಳಿ ಒತ್ತೆಯಾಳುಗಳಾಗಿದ್ದ ಚೀನೀಯರು ಪೀಚ್, ಪೇರ್ ಎರಡನ್ನೂ ಇಲ್ಲಿ ನೆಟ್ಟರಂತೆ. ಅದಕ್ಕೇ ಪೀಚಿಗೆ ‘ಚೀನಾನಿ’, ಪೇರಿಗೆ ‘ಚೀನರಾಜಪುತ್ರ’ ಎಂಬ ಹೆಸರಂತೆ. ಕಥೆ ಎಷ್ಟು ನಿಜವೋ ಏನೋ, ತವರಿನ ವಿಷಯದಲ್ಲಿ ಮಾತ್ರ ಲಿನೇಯಸ್‌ಗಿಂತ ಈ ಸಂಸ್ಕೃತ ಹೆಸರೇ ಸರಿ.

ಇನ್ನು ಮಾರ್ಕೆಟ್ಟಿನ ಮಾತು. ಪೀಚ್ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ಸಾಕಷ್ಟು ಗಂಟೆ ಚಳಿ ತಿನ್ನದಿದ್ದರೆ ಮೊಗ್ಗು ಸರಿಯಾಗಿ ಬಿಡುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಅದು ಬೆಳೆಯಾಗದಿರುವುದು ಇದಕ್ಕೇ. ಹಿಮಾಚಲದ ರಾಜಗಢ ಪೀಚಿಗೇ ಹೆಸರುವಾಸಿ, ಉತ್ತರಾಖಂಡದ ಬೆಟ್ಟಗಳಲ್ಲೂ ಬೆಳೆಯುತ್ತಾರೆ. ಕಡಿಮೆ ಚಳಿ ಸಾಕೆನ್ನುವ ‘ಶಾನ್-ಎ-ಪಂಜಾಬ್’ನಂಥ ತಳಿಗಳು ಪಂಜಾಬಿನ ಬಯಲಲ್ಲೇ ಮೇ ತಿಂಗಳಿಗೆ ಹಣ್ಣಾಗುತ್ತವೆ. ಪಕ್ಕದ ನೀಲಗಿರಿಯಲ್ಲೂ ಸ್ವಲ್ಪ ಇದೆ.

ಕೊಳ್ಳುವಾಗ ಕೆಂಪು ಕೆನ್ನೆ ನೋಡಿ ಮರುಳಾಗಬೇಡಿ. ಅದು ಬಿಸಿಲು ಬಿದ್ದ ಮತ್ತು ತಳಿಯ ಬಣ್ಣ. ತೊಟ್ಟಿನ ಸುತ್ತ ನೋಡಿ. ಅಲ್ಲಿ ಹಸಿರು ಉಳಿದಿದ್ದರೆ ಅದು ಎಳಸು. ಮನೆಯಲ್ಲಿಟ್ಟರೆ ಮೆತ್ತಗಾದೀತು, ಸಿಹಿ ಹೆಚ್ಚಾಗುವುದಿಲ್ಲ. ಹಳದಿಗೆ ತಿರುಗಿ, ಮೂಗಿನ ಹತ್ತಿರ ಹಿಡಿದರೆ ಘಮ್ಮೆಂದರೆ ಚೀಲಕ್ಕೆ ಹಾಕಿಕೊಳ್ಳಿ.