ಪರೀಕ್ಷೆ ಬಂತು ಅಂತ ಆಟ ಬಿಟ್ಟವರಿಗೆ

ಆಪ್ತ ಸಮಾಲೋಚನೆಗೆ ಬರುವ ವಿದ್ಯಾರ್ಥಿಗಳ ಹತ್ತಿರ ನಿದ್ದೆ, ಊಟದ ಬಗ್ಗೆ ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ‘ಮೊದಲು ಏನಾದರೂ ಆಡುತ್ತಿದ್ರಾ? ಯಾವಾಗ ಬಿಟ್ಟಿರಿ?’ ಸ್ಕೂಲಲ್ಲಿ ಆಡ್ತಿದ್ದೆ, ಇಲ್ಲಿಗೆ ಬಂದ ಮೇಲೆ ಟೈಮ್ ಸಿಗಲಿಲ್ಲ ಅನ್ನುವವರೇ ಜಾಸ್ತಿ. ಉಳಿದವರು ಪರೀಕ್ಷೆ ಹತ್ತಿರ ಬಂತು ಅಂತ ನಿಲ್ಲಿಸಿರುತ್ತಾರೆ. ಒತ್ತಡ ಏರುವ ವಾರದಲ್ಲೇ ಅದನ್ನು ಇಳಿಸುವ ಅಭ್ಯಾಸ ಕೈಬಿಡುವುದು ಅಂದರೆ ಇದೇ. ಮನೆಯವರು ಇದನ್ನೇ ಶ್ರದ್ಧೆ ಅಂತ ಹೊಗಳಿರುತ್ತಾರೆ, ಅದು ಬೇರೆ ಮಾತು.

ವ್ಯಾಯಾಮ ಅಂದರೆ ಜಿಮ್ಮೇ ಆಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಬಿರುಸಿನ ನಡಿಗೆ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಇರಲೇಬೇಕು ಎಂಬ ಹಳೆಯ ಷರತ್ತನ್ನೂ ಆಗ ತೆಗೆದರು. ಹಾಗಾಗಿ ಎರಡು ತರಗತಿಗಳ ನಡುವಿನ ಓಡಾಟವೂ ಲೆಕ್ಕಕ್ಕೆ ಬರುತ್ತದೆ.

ಮನಸ್ಸಿನ ವಿಷಯಕ್ಕೆ ಇನ್ನೂ ಕಡಿಮೆ ಸಾಕಾಗಬಹುದು. ನಾರ್ವೆಯಲ್ಲಿ 33 ಸಾವಿರಕ್ಕೂ ಹೆಚ್ಚು ವಯಸ್ಕರನ್ನು 11 ವರ್ಷ ಗಮನಿಸಿದ ಒಂದು ಅಧ್ಯಯನವಿದೆ. ಎಲ್ಲರೂ ವಾರಕ್ಕೆ ಒಂದು ಗಂಟೆಯಾದರೂ ಮೈ ದಣಿಸಿದ್ದರೆ, ಆಮೇಲೆ ಬಂದ ಖಿನ್ನತೆಯ ಪ್ರಕರಣಗಳಲ್ಲಿ ಶೇ 12ರಷ್ಟು ತಪ್ಪಬಹುದಿತ್ತು ಎಂದು ಅದರ ಅಂದಾಜು. ಎಷ್ಟು ಬಿರುಸಾಗಿ ಮಾಡಿದರು ಅನ್ನುವುದರಿಂದ ವ್ಯತ್ಯಾಸವಾಗಲಿಲ್ಲ. ಆದರೆ ಆತಂಕದ ಸಮಸ್ಯೆ ಬರದಂತೆ ವ್ಯಾಯಾಮ ತಡೆದದ್ದು ಅಲ್ಲಿ ಕಾಣಲಿಲ್ಲ. ವ್ಯಾಯಾಮವನ್ನು ಸರ್ವರೋಗಕ್ಕೂ ಮದ್ದು ಅಂತ ಮಾರುವವರು ಈ ಎರಡನೇ ಭಾಗವನ್ನು ಹೇಳುವುದಿಲ್ಲ.

ಹಾಗಂತ ಆತಂಕ ಇರುವವರಿಗೆ ಇದರಿಂದ ಉಪಯೋಗವಿಲ್ಲ ಅಂತಲ್ಲ. ಪ್ಯಾನಿಕ್ ಆಗುವ ಹುಡುಗ, ಹುಡುಗಿಯರನ್ನು ನೋಡಿ. ಎದೆ ಡವಡವ ಅನ್ನುತ್ತದೆ, ಉಸಿರು ಮೇಲೇಳುತ್ತದೆ, ಕೈ ಬೆವರುತ್ತದೆ. ‘ನನಗೇನೋ ಆಗ್ತಿದೆ’ ಅಂತ ಹೆದರಿದರೆ ಎದೆಬಡಿತ ಇನ್ನೂ ಏರುತ್ತದೆ. ಆಮೇಲೆ ಅವರು ಮೆಟ್ಟಿಲು ಹತ್ತುವುದನ್ನೂ ಬಿಡುತ್ತಾರೆ. ಎದೆ ಹೊಡೆದುಕೊಂಡರೆ ಸಾಕು, ಭಯ ಶುರು. ಹೃದಯದ ತೊಂದರೆ ಇಲ್ಲ ಅಂತ ವೈದ್ಯರು ಹೇಳಿದ ಮೇಲೆ ನಾವು ಮಾಡಿಸುವುದು ಇದಕ್ಕೆ ತದ್ವಿರುದ್ಧ. ನಿಂತಲ್ಲೇ ಒಂದು ನಿಮಿಷ ಜೋರಾಗಿ ಓಡಿಸುತ್ತೇವೆ. ಅದೇ ಬಡಿತ, ಅದೇ ಬೆವರು. ಸುಮ್ನೆ ನಿಂತರೆ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಹೀಗೆ ಮತ್ತೆ ಮತ್ತೆ ಅನುಭವಿಸಿದಾಗ, ಜೋರು ಎದೆಬಡಿತ ಅಪಾಯದ ಸೂಚನೆಯಲ್ಲ ಅನ್ನುವುದು ಮೈಗೇ ಗೊತ್ತಾಗುತ್ತದೆ. ಇದನ್ನು ಬಾಯಿಮಾತಲ್ಲಿ ಎಷ್ಟು ವಿವರಿಸಿದರೂ ಅಷ್ಟು ಪ್ರಯೋಜನವಾಗುವುದಿಲ್ಲ.

ಮಂಕು ಕವಿದವರ ಕಷ್ಟ ಬೇರೆ. ‘ಮನಸ್ಸು ಬಂದಾಗ ಹೋಗ್ತೀನಿ’ ಅನ್ನುತ್ತಾರೆ. ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದೇ ಇಲ್ಲ, ಕೆಲಸ ಶುರುವಾದ ಮೇಲೆ ಹಿಂದಿನಿಂದ ಬರುತ್ತದೆ. ಅದಕ್ಕೆ ನಾನು ಹೇಳುವುದು ಇಷ್ಟೇ: ಚಪ್ಪಲಿ ಹಾಕಿಕೊಂಡು ಐದು ನಿಮಿಷ ನಡೆಯಿರಿ, ಆಗಲೂ ಬೇಡ ಅನ್ನಿಸಿದರೆ ವಾಪಸ್ ಬನ್ನಿ. ಹೊರಡುವ ಮುಂಚೆ ಮತ್ತು ಬಂದ ಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಬರೆದಿಡಿ. ಖಿನ್ನತೆ ಇರುವಾಗ ‘ಏನೂ ಪ್ರಯೋಜನ ಆಗಲಿಲ್ಲ’ ಅನ್ನುವ ನೆನಪೇ ಉಳಿಯುತ್ತದೆ, ಅಲ್ವಾ? ಆಗ ಚೀಟಿ ನೋಡಬಹುದು. ಜೊತೆಗೊಬ್ಬ ಗೆಳೆಯ ಬಂದರೆ ಇನ್ನೂ ಸಲೀಸು.

ಇದರ ಇನ್ನೊಂದು ತುದಿಯವರೂ ಬರುತ್ತಾರೆ. ತಿಂದದ್ದನ್ನು ಕರಗಿಸಲೇಬೇಕು ಅಂತ ಓಡುವವರು, ಒಂದು ದಿನ ತಪ್ಪಿದರೆ ಚಡಪಡಿಸುವವರು, ಗಾಯವಾದರೂ ನಿಲ್ಲಿಸದವರು. ಅವರಿಗೆ ‘ಭೇಷ್’ ಅನ್ನುವ ಮುಂಚೆ ಊಟ ಹೇಗಿದೆ ಅಂತ ಕೇಳಬೇಕು.

ಎರಡು ವಾರ ದಾಟಿದರೂ ಬೇಸರ ಬಿಡದಿದ್ದರೆ, ನಿದ್ದೆ ಕೆಟ್ಟು ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಚಿಕಿತ್ಸೆ ಬೇಕು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವುದೂ ಬೇಡ. ಅಂಥ ಗೆಳೆಯರಿಗೆ ‘ಒಂದ್ ರೌಂಡ್ ಓಡು, ಸರಿಹೋಗುತ್ತೆ’ ಅನ್ನಬೇಡಿ. ಆವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಡಿಗೆಯನ್ನು ಚಿಕಿತ್ಸೆಯ ಜೊತೆಗೆ ಆಮೇಲೆ ಸೇರಿಸಿಕೊಳ್ಳಬಹುದು.