ರೋಲ್ ಸಿಗುತ್ತೆ, ತೊಳೆಯೋರು ಸಿಗಲ್ಲ

1993ರ ಡಿಸೆಂಬರ್‌ನಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ಚಿಕ್ಕಪ್ಪನ ಹತ್ತಿರ ಇದ್ದಿದ್ದು ಒಂದೇ ಫಿಲ್ಮ್ ರೋಲ್. 36 ಫೋಟೋ. ಅರಿಶಿನದ ನೀರು ಇಳಿಯುವಾಗ ಎರಡು ಹೊಡೆದರು. ಚಂದನಕ್ಕೆ ಎರಡು, ಮನೆಯವರೆಲ್ಲ ಸಾಲಾಗಿ ನಿಂತಿದ್ದು ಒಂದು. ಸಾಕು ಅಂತ ಕ್ಯಾಮೆರಾ ಚೀಲ ಸೇರಿತು. ಉಳಿದಿದ್ದು ಸಂಕ್ರಾಂತಿಗೆ, ಅತ್ತೆಯ ಸೀಮಂತಕ್ಕೆ. ತೊಳೆಸಿದ್ದು, ಅಂದರೆ ಡೆವಲಪ್ ಮಾಡಿಸಿದ್ದು, ಯುಗಾದಿ ಕಳೆದ ಮೇಲೆ.

ಆ ಕ್ಯಾಮೆರಾ ಈಗ ನನ್ನ ಕೈಲಿದೆ. ಹಾಸನದಲ್ಲಿ ಕೂತೇ ರೋಲ್ ತರಿಸಬಹುದು. ಕೊಡಕ್‌ನ ಕಲರ್‌ಪ್ಲಸ್, ಗೋಲ್ಡ್ ಅನ್ನೋ 'ಅಗ್ಗದ' ರೋಲ್‌ಗಳೇ ಸಾವಿರ ರೂಪಾಯಿ ಆಚೀಚೆ. ಅದೂ ಹೋಗಲಿ ಅನ್ನಬಹುದು. ಆದರೆ ಹೊಡೆದ ರೋಲ್ ಹಿಡಿದು ಊರಿನ ಸ್ಟುಡಿಯೋಗಳನ್ನು ಸುತ್ತಿದರೆ ಎಲ್ಲರದ್ದೂ ಒಂದೇ ಮಾತು: ಬೆಂಗಳೂರಿಗೆ ಕಳಿಸಿ.

ಬೆಳಗೊಳದ ಅಭಿಷೇಕ 12 ವರ್ಷಕ್ಕೊಮ್ಮೆ. ಫಿಲ್ಮ್‌ನ ಈ ಏಳುಬೀಳಿನ ಕಥೆ ಅಳೆಯೋಕೆ ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಗಡಿಯಾರ ಇಲ್ಲ.

1981ರದ್ದು ಮೂರ್ತಿಗೆ ಸಾವಿರ ವರ್ಷ ತುಂಬಿದ ಅಭಿಷೇಕ. ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಸುರಿದಿದ್ದು ಆಗಲೇ. ಸಣ್ಣ ಊರಿನ ಸ್ಟುಡಿಯೋಗೆ ಆಗ ಕಪ್ಪು-ಬಿಳುಪೇ ಅನ್ನ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನಲ್ಲಿ ಫಿಲ್ಮ್ ಮಾರುತ್ತಿತ್ತು. ಕಪ್ಪು-ಬಿಳುಪನ್ನು ಸ್ಟುಡಿಯೋ ಹಿಂದಿನ ಕತ್ತಲೆ ಕೋಣೆಯಲ್ಲೇ ತೊಳೆಯಬಹುದಿತ್ತು. ಬಣ್ಣದ ರೋಲ್ ಮಾತ್ರ ದೊಡ್ಡ ಊರಿನ ಬಸ್ ಹತ್ತಬೇಕಿತ್ತು.

ಯಾಕೆ ಅಂದರೆ ಬಣ್ಣ ತುಂಬಾ ಹಟಮಾರಿ. ಬಣ್ಣದ ಫಿಲ್ಮ್ ಪಟ್ಟಿಯ ಮೇಲೆ ಕೆಂಪು, ಹಸಿರು, ನೀಲಿ ಬೆಳಕು ಹಿಡಿಯೋಕೆ ಬೇರೆ ಬೇರೆ ಪದರ ಇರುತ್ತವೆ. ಅವನ್ನು ತೊಳೆಯುವ ಸಿ-41 ಅನ್ನೋ ಪದ್ಧತಿಯನ್ನು ಕೊಡಕ್ 1972ರಲ್ಲಿ ತಂದಿತು. ಡೆವಲಪರ್ ಅನ್ನೋ ಕೆಮಿಕಲ್ 37.8 ಡಿಗ್ರಿ ಬಿಸಿ ಇರಬೇಕು, ರೋಲ್ ಅದರಲ್ಲಿ 3 ನಿಮಿಷ 15 ಸೆಕೆಂಡ್ ಮುಳುಗಬೇಕು. ಬಿಸಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಅರಿಶಿನದ ಬಣ್ಣ ಕೆಡುತ್ತೆ. ಇದನ್ನೆಲ್ಲ ತಾನೇ ನೋಡಿಕೊಳ್ಳುವ ಮಿನಿಲ್ಯಾಬ್ ಯಂತ್ರ ಬಂದ ಮೇಲೆಯೇ ನಮ್ಮಂಥ ಊರುಗಳಲ್ಲಿ 'ಕಲರ್ ಲ್ಯಾಬ್' ಬೋರ್ಡ್ ಎದ್ದಿದ್ದು.

1993 ಅದರ ಸುಗ್ಗಿ ಕಾಲ. ಆ ದಶಕದಲ್ಲಿ ರೋಲ್ ಬೆಲೆ ನೂರು ರೂಪಾಯಿ ಆಸುಪಾಸು. ಆ ನೂರಕ್ಕೂ ಚಿಕ್ಕಪ್ಪ ಲೆಕ್ಕ ಹಾಕುತ್ತಿದ್ದರು. ನೆರಳಲ್ಲಿ ನಿಂತು, ರೋಲ್‌ನಿಂದ ಹೊರಗೆ ಚಾಚಿದ ನಾಲಗೆಯಂಥ ತುದಿಯನ್ನು ಆದಷ್ಟೂ ಕಮ್ಮಿ ಎಳೆದು ಸಿಕ್ಕಿಸಿ, ಒಂದೇ ಸಲ ಲಿವರ್ ತಿರುಗಿಸಿ ಮುಚ್ಚಳ ಹಾಕುತ್ತಿದ್ದರು. 36ರ ರೋಲ್‌ನಲ್ಲಿ 38 ಬರುತ್ತಿತ್ತು. ಮೊದಲನೆಯದು ಮಾತ್ರ ಅರ್ಧ ಬೆಳಕು ಹೊಡೆದು ಕಿತ್ತಳೆಯಾಗಿರುತ್ತಿತ್ತು. ಅದರಲ್ಲಿ ಯಾವಾಗಲೂ ನಾನೇ!

ಆ ಅಗ್ಗ ನಮ್ಮಂಥವರಿಂದ ಬಂದಿದ್ದಲ್ಲ, ಮದುವೆಗಳಿಂದ ಬಂದಿದ್ದು. ಒಂದು ಮದುವೆಗೆ ಇನ್ನೂರು ಫೋಟೋ ಅಂದರೂ ಆರು ರೋಲ್ ಬೇಕು. ಲಗ್ನದ ತಿಂಗಳಲ್ಲಿ ಲ್ಯಾಬ್‌ಗೆ ಬಿಡುವೇ ಇಲ್ಲ. ಮಿನಿಲ್ಯಾಬ್‌ಗೂ ಅದೇ ಬೇಕು. ಪ್ರತಿ ರೋಲ್‌ಗೂ ಒಂದಿಷ್ಟು ಹೊಸ ಕೆಮಿಕಲ್ ಸೇರುತ್ತಾ ಇದ್ದರೆ ತೊಟ್ಟಿ ಸರಿಯಾಗಿರುತ್ತೆ. ರೋಲ್ ಬರದೆ ಸುಮ್ನೆ ನಿಂತರೆ ಡೆವಲಪರ್ ಗಾಳಿಗೆ ಹಾಳಾಗುತ್ತೆ. ದಿನಕ್ಕೆ ಒಂದೆರಡು ರೋಲ್ ನಂಬಿಕೊಂಡು ಯಂತ್ರ ಬಿಸಿ ಮಾಡಿ ಇಡೋಕೆ ಯಾರಿಗೆ ಆಗುತ್ತೆ?

2006ರ ಫೆಬ್ರವರಿಯ ಅಭಿಷೇಕಕ್ಕೆ ಕೆಲವೇ ವಾರ ಮೊದಲು ಕೊನಿಕಾ ಮಿನೋಲ್ಟಾ ಕಂಪನಿ ಕ್ಯಾಮೆರಾ, ಫಿಲ್ಮ್ ಎರಡರ ವ್ಯಾಪಾರವನ್ನೂ ಬಿಡುತ್ತೇವೆ ಎಂದಿತು. ಹಿಂದಿನ ವರ್ಷವೇ ಇನ್ನೊಂದು ಫಿಲ್ಮ್ ಕಂಪನಿ ಆಗ್ಫಾಫೋಟೋ ದಿವಾಳಿಯಾಗಿತ್ತು. ಮದುವೆಯವರು ಡಿಜಿಟಲ್‌ಗೆ ಹೊರಳಿದರು, ಲ್ಯಾಬ್‌ಗಳ ಕೆಮಿಕಲ್ ತೊಟ್ಟಿ ಒಣಗಿತು. 2012ರ ಜನವರಿಯಲ್ಲಿ ಕೊಡಕ್ ಕೂಡ ದಿವಾಳಿ ಅರ್ಜಿ ಹಾಕಿತು. ತಮಾಷೆ ನೋಡಿ, ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ ತಯಾರಾಗಿದ್ದೂ 1975ರಲ್ಲಿ ಅದೇ ಕೊಡಕ್‌ನಲ್ಲಿ. 2018ರ ಅಭಿಷೇಕದ ಬಗ್ಗೆ ಹೇಳೋದೇ ಬೇಡ. ಬೆಟ್ಟದ ತುಂಬಾ ಮೊಬೈಲ್.

ಆಮೇಲೆ ಹುಡುಗರಿಗೆ ಮತ್ತೆ ಫಿಲ್ಮ್ ಹುಚ್ಚು ಹಿಡಿಯಿತು. ಆದರೆ ಬಣ್ಣದ ಫಿಲ್ಮ್ ಮಾಡೋ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಬೆಲೆ ಏರದೆ ಇನ್ನೇನು.

ಅಗ್ಗದ ಅಡ್ಡದಾರಿಗಳೂ ಇವೆ. ಸಿನಿಮಾ ಫಿಲ್ಮ್‌ನ 400 ಅಡಿ ಸುರುಳಿ ತಂದು ಕತ್ತರಿಸಿದರೆ ಸುಮಾರು 75 ರೋಲ್ ಆಗುತ್ತೆ. ಆದರೆ ಇಷ್ಟು ದಿನ ಬರುತ್ತಿದ್ದ ಕೊಡಕ್‌ನ ಸಿನಿಮಾ ಫಿಲ್ಮ್‌ಗೆ ಹಿಂದೆ ಮಸಿಯಂಥ ಲೇಪ ಇರುತ್ತೆ. ಅಡುಗೆ ಸೋಡಾ ಹಾಕಿದ ಬಿಸಿನೀರಲ್ಲಿ ಮೊದಲು ಅದನ್ನು ಬಿಡಿಸಬೇಕು. ಹೇಳದೆ ಕೇಳದೆ ಮಾಮೂಲಿ ಲ್ಯಾಬ್‌ಗೆ ಕೊಟ್ಟರೆ ಅವರ ತೊಟ್ಟಿಯೆಲ್ಲ ಮಸಿ. ದಯವಿಟ್ಟು ಹಾಗೆ ಮಾಡಬೇಡಿ. ಅವಧಿ ಮುಗಿದ ರೋಲ್ ಕಮ್ಮಿಗೆ ಸಿಗುತ್ತೆ, ಆದರೆ ಸಕಲೇಶಪುರದ ಕಡೆ ಮಳೆಗಾಲ ಕಂಡ ಬೀರುವಿನದಾದರೆ ನಾನಂತೂ ಮುಟ್ಟಲ್ಲ. ಆ ಥಂಡಿಗೆ ಲೆನ್ಸೇ ಫಂಗಸ್ ಹಿಡಿಯುತ್ತೆ, ಫಿಲ್ಮ್ ಉಳಿಯುತ್ತಾ?

ನಾವು ಐದು ಜನ ಗೆಳೆಯರು ಕಂಡುಕೊಂಡಿದ್ದು ಇಷ್ಟು: ಹೊಡೆದ ರೋಲ್‌ಗಳನ್ನು ನಮ್ಮ ಮನೆ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟು, ಹತ್ತಾದ ಮೇಲೆ ಒಂದೇ ಪಾರ್ಸೆಲ್ ಮಾಡಿ ಬೆಂಗಳೂರಿಗೆ ಕಳಿಸೋದು. ಕೊರಿಯರ್ ಖರ್ಚು ಹಂಚಿಹೋಗುತ್ತೆ. 1981ರಲ್ಲಿ ಬಸ್, ಈಗ ಕೊರಿಯರ್, ಅಷ್ಟೇ ವ್ಯತ್ಯಾಸ. ಸದ್ಯ ಡಬ್ಬಿಯಲ್ಲಿ ಒಂಬತ್ತಾಗಿವೆ. ಹತ್ತನೆಯದು ಚಿಕ್ಕಪ್ಪನ ಕ್ಯಾಮೆರಾದಲ್ಲೇ ಇದೆ, ಬೇಲೂರಿಗೆ ಹೋಗಿ ಬಂದ ಮೇಲೆ 23ಕ್ಕೆ ನಿಂತಿದೆ. ಉಳಿದ ನಾಲ್ಕೂ ಜನ ದಿನಾ ಫೋನ್ ಮಾಡಿ ಬೈತಾರೆ, ಬೇಗ ಹೊಡೆದು ಮುಗಿಸೋ ಅಂತ.