ಹಾವಿನ ಗೂಡಿಗೆ ಬಿಸಿ: ಪ್ರೋಬ್ ಎಲ್ಲಿಟ್ಟಿದ್ದೀರಿ, ಮೊದಲು ಅದು ಹೇಳಿ

ಲೀಡ್ಸ್‌ನಲ್ಲಿ ಪ್ರಾಣಿ ಆರೈಕೆಯ ಕೋರ್ಸ್ ಮಾಡುತ್ತಿದ್ದೇನೆ. ಈ ವಾರದ ಪಾಠ, ಸಾಕುಹಾವಿನ ಗೂಡಿಗೆ ಬಿಸಿ ಕೊಡುವುದು. ತಲೆಯಿಂದ ಜಾರಿಹೋಗುವ ಮೊದಲು ಬರೆದಿಡುತ್ತಿದ್ದೇನೆ.

ನನ್ನ ಪಾಲಿಗೆ ಬಂದದ್ದು ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ಭಾಗದ ಹಾವು, ನಮ್ಮ ಕೇರೆ ಹಾವಿನ ದೂರದ ನೆಂಟ. (ಊರಲ್ಲಿರುವವರು ಇದನ್ನು ಓದಿ ಕೇರೆ ಹಿಡಿದು ಸಾಕಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.) ಗೂಡಿನ ಒಂದು ತುದಿ 30 ಡಿಗ್ರಿ ಆಸುಪಾಸು, ಇನ್ನೊಂದು ತುದಿ 22ರಿಂದ 24 ಇರಬೇಕು. ಯಾವಾಗ ಎಲ್ಲಿರಬೇಕು ಅನ್ನುವುದನ್ನು ಹಾವೇ ನೋಡಿಕೊಳ್ಳುತ್ತದೆ. ಇಲಿ ನುಂಗಿದ ಮೇಲೆ ಬಿಸಿ ಸಿಗದಿದ್ದರೆ ಅರಗದೆ ಕಕ್ಕಿಬಿಡಬಹುದು. ಇಷ್ಟು ಸುಲಭ.

ನಾನು ಎಡವಿದ್ದು ಮುಂದೆ. ಗಾಜಿನ ಪೆಟ್ಟಿಗೆ, ಅದರ ಅಡಿಗೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಚಾಪೆ), ಒಳಗೆ ಮರದ ಚೂರಿನ ದಪ್ಪ ಹಾಸು, ಹಾಸಿನ ಮೇಲೆ ಥರ್ಮೋಸ್ಟಾಟ್‌ನ ಪ್ರೋಬ್, ಅಂದರೆ ಮ್ಯಾಟ್‌ನ ಬಿಸಿಯನ್ನು ಹತೋಟಿಯಲ್ಲಿಡುವ ಸಾಧನದ ಬಿಸಿ ಅಳೆಯುವ ತಂತಿ. 31ಕ್ಕೆ ಇಟ್ಟೆ, ಪರದೆಯೂ 31 ಅಂದಿತು. ಯಾಕೋ ಅನುಮಾನ ಬಂದು ಹಾಸು ಸರಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಗಾಜು 43! ಥರ್ಮೋಸ್ಟಾಟ್ ಕೆಟ್ಟಿದೆ ಅಂತ ಸುಮ್ನೆ ಅರ್ಧ ಗಂಟೆ ಅದಕ್ಕೆ ಬೈದೆ.

ಅದು ಕೆಟ್ಟಿರಲಿಲ್ಲ. ಥರ್ಮೋಸ್ಟಾಟ್‌ಗೆ ಗೂಡು ಗೊತ್ತಿಲ್ಲ, ಹಾವೂ ಗೊತ್ತಿಲ್ಲ, ಗೊತ್ತಿರುವುದು ಪ್ರೋಬಿನ ತುದಿ ಮಾತ್ರ. ಮರದ ಚೂರು ಬಿಸಿಯನ್ನು ಮೇಲಕ್ಕೆ ಬಿಡುವುದಿಲ್ಲ, ಹಾಗಾಗಿ ಮೇಲೆ 31 ಆಗುವವರೆಗೂ ಮ್ಯಾಟ್ ಉರಿಯುತ್ತಲೇ ಇರುತ್ತದೆ, ಅಷ್ಟರಲ್ಲಿ ಅಡಿಯ ಗಾಜು ಎಲ್ಲಿಗೋ ಹೋಗಿರುತ್ತದೆ. ಕಾವಲಿ ಮೇಲೆ ಕಂಬಳಿ ಹಾಕಿ, ಕಂಬಳಿ ಮುಟ್ಟಿ ಕಾವಲಿ ಕಾದಿದೆಯಾ ಅಂತ ನೋಡಿದ ಹಾಗೆ. ಕಾರ್ನ್ ಸ್ನೇಕ್‌ಗೆ ಹಾಸಿನೊಳಗೆ ತೂರುವ ಚಟ ಬೇರೆ. ತೂರಿ ನೇರ ಗಾಜಿನ ಮೇಲೆ ಮಲಗುತ್ತದೆ, ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗದೆ ಇರಬಹುದು.

ಈಗ ಪ್ರೋಬನ್ನು ಮ್ಯಾಟ್‌ಗೂ ಗಾಜಿಗೂ ನಡುವೆ, ಹೊರಗಡೆಯೇ ಇಟ್ಟಿದ್ದೇನೆ. ಒಳಗೆ ಟೇಪ್ ಹಚ್ಚಿದರೆ ಹಾವಿನ ಚರ್ಮಕ್ಕೆ ಅಂಟಿ ಕಿತ್ತುಬರುವ ಭಯ. ಹಾಸು ತೆಳು ಮಾಡಿದೆ. ಒಳಗಿನ ಗಾಜಿನ ಮೇಲೆ ಥರ್ಮಾಮೀಟರ್ ಹಿಡಿದು ನೋಡಿ ಥರ್ಮೋಸ್ಟಾಟ್‌ನ ಅಂಕಿಯನ್ನು ಹೊಂದಿಸಿಕೊಂಡೆ. ಒಂದು ಮಾತು: ಈ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಗಾಜಿನ ಹೊರಗಿನಿಂದ ಹಾವಿನ ಕಡೆ ಹಿಡಿಯಬೇಡಿ. ಅದು ಗಾಜಿನ ಬಿಸಿಯನ್ನೇ ಅಳೆಯುತ್ತದೆ, ಹಾವಿನದ್ದಲ್ಲ.

ಇನ್ನು ಯಾವ ಹೀಟರ್? ಮರದ ಗೂಡಾದರೆ ಅಡಿಯ ಮ್ಯಾಟ್ ಮರೆತುಬಿಡಿ, ಹಲಗೆ ದಾಟಿ ಬಿಸಿ ಬರುವುದೇ ಕಷ್ಟ. ಮೇಲಿನಿಂದ ಕೊಡಬೇಕು. ಹ್ಯಾಲೊಜೆನ್ ಬಲ್ಬೋ ಸೆರಾಮಿಕ್ ಹೀಟರೋ ಅಂತ ಗೊಂದಲವಿದ್ದರೆ ಪಿಯುಸಿ ಭೌತಶಾಸ್ತ್ರದ ವೀನ್ ನಿಯಮ ನೆನಪಿಸಿಕೊಳ್ಳಿ. ನನಗೆ ಇದು ತುಂಬಾ ಇಷ್ಟವಾಯಿತು. ಬಿಸಿ ವಸ್ತುವಿನ ಡಿಗ್ರಿಗೆ 273 ಕೂಡಿಸಿ, 2898ನ್ನು ಅದರಿಂದ ಭಾಗಿಸಿ. ಕಿರಣ ಅತಿ ಜಾಸ್ತಿ ಹೊಮ್ಮುವ ತರಂಗಾಂತರ ಮೈಕ್ರಾನ್‌ನಲ್ಲಿ ಸಿಗುತ್ತದೆ. 35 ಡಿಗ್ರಿಯ ಮ್ಯಾಟ್‌ಗೆ 9.4. ಸೆರಾಮಿಕ್ 300 ಡಿಗ್ರಿ ಅಂತಿಟ್ಟುಕೊಂಡರೆ 5.1. ಹ್ಯಾಲೊಜೆನ್ ತಂತಿ ಸುಮಾರು 2800 ಕೆಲ್ವಿನ್ (ಇಲ್ಲಿ 273 ಕೂಡಿಸಬೇಡಿ, ನಾನು ಕೂಡಿಸಿದ್ದೆ), ಅಂದರೆ 1.03. ಇನ್‌ಫ್ರಾರೆಡ್‌ನಲ್ಲಿ 1.4ಕ್ಕಿಂತ ಕೆಳಗಿನದು ಚರ್ಮ ದಾಟಿ ಒಳಗಿಳಿಯುತ್ತದೆ, 3ಕ್ಕಿಂತ ಮೇಲಿನದು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ. ಬಿಸಿಲಿನ ಹಾಗೆ ಚರ್ಮ ದಾಟಿ ಒಳಗಿಳಿಯುವುದು ಯಾವುದು ಅಂತ ಗೊತ್ತಾಯಿತಲ್ವಾ?

ಹಾಗಾಗಿ ಮರದ ಗೂಡಿಗೆ ಹಗಲು ಹ್ಯಾಲೊಜೆನ್, ಜೊತೆಗೆ ಬೆಳಕನ್ನು ನಿಧಾನ ಏರಿಸಿ ಇಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್. ಆನ್-ಆಫ್ ಆದರೆ ಬಲ್ಬ್ ಮಿಣುಕಿ ಮಿಣುಕಿ ಬೇಗ ಸಾಯುತ್ತದೆ. ರಾತ್ರಿ ಕೋಣೆ 20ರ ಆಸುಪಾಸು ಇದ್ದರೆ ಕಾರ್ನ್ ಸ್ನೇಕ್‌ಗೆ ಏನೂ ಬೇಡ. ಅದಕ್ಕಿಂತ ಚಳಿಯಾದರೆ ಬೆಳಕಿಲ್ಲದ ಸೆರಾಮಿಕ್, ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಥರ್ಮೋಸ್ಟಾಟ್ ಜೊತೆ. ಹೋಲ್ಡರ್ ಕೂಡ ಸೆರಾಮಿಕ್ಕೇ ಇರಲಿ, ಪ್ಲಾಸ್ಟಿಕ್ ಕರಗುತ್ತದೆ. ಬಲ್ಬಿಗೂ ಸೆರಾಮಿಕ್‌ಗೂ ತಂತಿಯ ಬುಟ್ಟಿ ಕಡ್ಡಾಯ, ಇಲ್ಲದಿದ್ದರೆ ಹಾವು ಅದರ ಮೇಲೇರಿ ಸುತ್ತಿಕೊಳ್ಳುತ್ತದೆ. ಬಿಸಿಯಾಗುವ ಕಲ್ಲು ಅಂತ ಒಂದು ಮಾರುತ್ತಾರೆ, ತಗೊಳ್ಳಬೇಡಿ. ರಾತ್ರಿಗೆ ಅಂತ ಮಾರುವ ಕೆಂಪು ಬಲ್ಬೂ ಬೇಡ.